ಬುಡ ಮುಚ್ಚಿದ ಮಣ್ಣು

ಪುರಸಭೆಯ ತೋಟಗಾರಿಕೆ ವಿಭಾಗದಲ್ಲಿ ಅವಳು ಇಪ್ಪತ್ತಾರು ವರ್ಷಗಳಿಂದ ಊರಿನ ಮರಗಳನ್ನು ನೋಡಿಕೊಳ್ಳುತ್ತಿದ್ದಳು. ಜನ ಅವಳನ್ನು ಮರದಕ್ಕ ಎಂದೇ ಕರೆಯುತ್ತಿದ್ದರು. ಕಚೇರಿಯ ಹಾಜರಿಪಟ್ಟಿಯಲ್ಲಿ ತನಗೆ ಬೇರೊಂದು ಹೆಸರಿದೆ ಎಂಬುದು ಆಗಾಗ ಅವಳಿಗೇ ಮರೆತುಹೋಗುತ್ತಿತ್ತು.

ಗ್ರಂಥಾಲಯದ ಹಿಂದೆ ಹೊಸ ಕಟ್ಟಡ ಬರುವುದೆಂದು ಗೊತ್ತಾದಾಗ ಅಲ್ಲಿದ್ದ ಎರಡು ದೊಡ್ಡ ಮಳೆಮರಗಳ ಮಾತು ಎದ್ದಿತು. ಎಪ್ಪತ್ತು ವರ್ಷದ ಮರಗಳು. ಎದುರು ಬೀದಿಯ ನಿವೃತ್ತ ಮೇಷ್ಟ್ರು ಮನೆಮನೆ ಸುತ್ತಿ ಇನ್ನೂರು ಜನರ ಸಹಿ ಹಾಕಿಸಿ, ಕಟ್ಟಡವೇ ಬೇಡವೆಂದು ಅರ್ಜಿ ಬರೆದಿಟ್ಟಿದ್ದರು.

ಕಟ್ಟಡದ ಎಂಜಿನಿಯರ್ ಮರದಕ್ಕನ ಮೈದುನನೇ. ಅವಳ ಗಂಡ ತೀರಿಕೊಂಡಾಗ ಅವನಿನ್ನೂ ಹೈಸ್ಕೂಲಿನಲ್ಲಿದ್ದ. ಅವನನ್ನು ಓದಿಸಿ ದಡ ಸೇರಿಸಿದವಳು ಅವಳು. ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೂ ಭಾನುವಾರದ ಊಟ ಅವನಿಗೆ ಅತ್ತಿಗೆಯ ಮನೆಯಲ್ಲೇ.

ಅಂಥದೊಂದು ಭಾನುವಾರ ಅವಳು ಊಟದ ಮೇಜಿನ ಮೇಲೆ ಅವನ ನಕ್ಷೆ ಬಿಡಿಸಿಕೊಂಡು ಕೂತಳು. "ಬೇರು ಅಂದ್ರೆ ಪಾತಾಳಕ್ಕೆ ಇಳಿದಿರುತ್ತೆ ಅಂತ ಎಲ್ಲರೂ ತಿಳ್ಕೊಂಡಿದಾರೆ. ಮರಕ್ಕೆ ನೀರು, ಆಹಾರ ಕೊಡೋ ಬೇರೆಲ್ಲ ಮೇಲಿನ ಒಂದೂವರೆ ಅಡೀಲೇ ಇರೋದು ಕಣೋ. ಅವೂ ಉಸಿರಾಡ್ಬೇಕು. ಮೇಲೆ ಎರಡು ಅಡಿ ಮಣ್ಣು ಹೇರಿದ್ರೆ ಮೂಗು ಅದುಮಿ ಹಿಡಿದ ಹಾಗೆ. ಆದ್ರೆ ಮರ ತಕ್ಷಣ ಹೇಳ್ಕೊಳ್ಳಲ್ಲ. ಎರಡು ಮೂರು ವರ್ಷ ಹಸಿರಾಗೇ ಇದ್ದು, ಆಮೇಲೆ ತುದಿಯಿಂದ ಒಣಗ್ತಾ ಬರುತ್ತೆ. ಆಗ ಯಾಕೆ ಅಂತ ಯಾರಿಗೂ ತಿಳಿಯಲ್ಲ."

ಮೈದುನ ಗಮನವಿಟ್ಟು ಕೇಳಿದ. "ಕೊಂಬೆ ಎಲ್ಲೀವರೆಗೆ ಚಾಚಿದೆಯೋ ಅಲ್ಲೀವರೆಗೂ ಬೇಲಿ ಹಾಕಿಸ್ತೀನಿ ಅತ್ತಿಗೆ. ಒಳಗೆ ಒಂದು ಬುಟ್ಟಿ ಮಣ್ಣು ಬೀಳಲ್ಲ. ನಿಮ್ಮ ಮೇಲಾಣೆ."

ಆ ಮಾತಿನ ಬಲದ ಮೇಲೆ ಅವಳು ಮೇಷ್ಟ್ರ ಮನೆಗೆ ಹೋದಳು. "ಮರಕ್ಕೆ ಏನೂ ಆಗದ ಹಾಗೆ ನೋಡ್ಕೊಳ್ಳೋದು ನನ್ನ ಜವಾಬ್ದಾರಿ," ಎಂದಳು. ಮೇಷ್ಟ್ರು ಅರ್ಜಿಯನ್ನು ಮಡಿಸಿ ಮೇಜಿನ ಖಾನೆಗೆ ಹಾಕಿದರು.

ಬೇಲಿ ಬಂತು. ಅವಳೇ ನಿಂತು ಎರಡೂ ಕಾಂಡಗಳ ಮೇಲೆ ತನ್ನ ಕಣ್ಣಿನ ಮಟ್ಟಕ್ಕೆ ಬಿಳಿ ಬಣ್ಣದಲ್ಲಿ ನಂಬರು ಬರೆದಳು. ಕೆಲಸ ಶುರುವಾಗಿ ಎರಡು ತಿಂಗಳಿಗೆ, ಬೇರೆ ಊರಿನಲ್ಲಿದ್ದ ತಂಗಿಗೆ ಆಪರೇಷನ್ ಎಂದು ಹೊರಡಬೇಕಾಯಿತು. ಹದಿನೆಂಟು ದಿನ ಆಸ್ಪತ್ರೆಯಲ್ಲೇ ಕಳೆದಳು. ದಿನಾ ಬೆಳಿಗ್ಗೆ ಮೈದುನನಿಂದ ಫೋಟೋ ಬರುತ್ತಿತ್ತು: ಬೇಲಿ, ಬೇಲಿಯ ಹಿಂದೆ ಹಸಿರು. "ಎಲ್ಲ ಇದ್ದ ಹಾಗೇ ಇದೆ ಅತ್ತಿಗೆ, ನೀವು ಆರಾಮಾಗಿರಿ." ಅವಳು ಅದನ್ನು ತಂಗಿಗೂ ತೋರಿಸಿ ಹೆಮ್ಮೆಪಟ್ಟಳು.

ವಾಪಸು ಬಂದ ದಿನ ಮನೆಗೂ ಹೋಗದೆ ನೇರ ಅಲ್ಲಿಗೇ ಹೋದಳು. ಬೇಲಿ ನೆಟ್ಟಗಿತ್ತು. ಒಳಗೆ ಕಾಲಿಟ್ಟವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಬುಡದಲ್ಲಿ ಅಗಲವಾಗಿ ಹರಡಿಕೊಂಡಿರಬೇಕಾದ ಕಾಂಡ, ಕಂಬ ನೆಟ್ಟಂತೆ ನೆಟ್ಟಗೆ ನೆಲದೊಳಕ್ಕೆ ಇಳಿದಿತ್ತು. ಕಣ್ಣಿನ ಮಟ್ಟಕ್ಕೆ ಬರೆದ ನಂಬರು ಸೊಂಟಕ್ಕಿಂತಲೂ ಕೆಳಗಿತ್ತು. ಬೇಲಿ ಕಿತ್ತು, ಎರಡೂವರೆ ಅಡಿ ಜೇಡಿಮಣ್ಣು ತುಂಬಿ, ರೋಲರ್ ಓಡಿಸಿ, ಮತ್ತೆ ಅದೇ ಬೇಲಿ ನೆಟ್ಟಿದ್ದರು.

ಮೈದುನ ತಗಡಿನ ಶೆಡ್ಡಿನಲ್ಲಿ ಕೂತಿದ್ದ. ಅವಳ ಮುಖ ನೋಡಿಯೇ ಎದ್ದು ನಿಂತ.

"ಚರಂಡಿ ಮಟ್ಟ ತಪ್ಪಿತ್ತು ಅತ್ತಿಗೆ. ನೆಲ ಎತ್ತರಿಸಲೇಬೇಕಾಯ್ತು. ಮರದ ಸುತ್ತ ಹಳ್ಳ ಉಳಿಸ್ಬೇಕು ಅಂದ್ರೆ ಕಲ್ಲಿನ ಗೋಡೆ ಕಟ್ಬೇಕು, ಇನ್ನೊಂದು ತಿಂಗಳ ಕೆಲಸ. ಮೇಲಿನವರು ಒಪ್ಪಲಿಲ್ಲ."

"ನಂಗೆ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀವು ಕೆಲಸ ನಿಲ್ಲಿಸ್ತಿದ್ರಿ."

"ಅದಕ್ಕೆ ದಿನಾ ಫೋಟೋ ಕಳಿಸಿ ನನ್ನ ಕಣ್ಣಿಗೂ ಮಣ್ಣೆರಚಿದೆ."

ಅವನು ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ, "ಮರ ಏನು ನಾಳೆನೇ ಸಾಯಲ್ಲವಲ್ಲ. ಮೂರು ವರ್ಷ ಆದ್ಮೇಲೆ ಯಾಕೆ ಅಂತ ಯಾರಿಗೂ ತಿಳಿಯಲ್ಲ. ನೀವೇ ಹೇಳಿದ್ರಿ," ಎಂದ.

ಮರ ಉಳಿಯಲಿ ಎಂದು ಅವಳು ಕಲಿಸಿದ್ದನ್ನೇ ಅವನು ಮರ ಕೊಲ್ಲುವುದಕ್ಕೆ ಉಪಯೋಗಿಸಿಕೊಂಡಿದ್ದ. ಊಟದ ಮೇಜಿನಲ್ಲಿ ಅವನು ಅಷ್ಟು ಗಮನವಿಟ್ಟು ಕೇಳಿದ್ದು ಅವಳಿಗೆ ನೆನಪಾಯಿತು.

ಅಂದೇ ಕಚೇರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟಳು. ಸಂಜೆ ಮೇಷ್ಟ್ರ ಬಾಗಿಲು ತಟ್ಟಿ ತಾನು ಮೋಸಹೋದದ್ದನ್ನೂ ಹೇಳಿದಳು. ಅವರು ಬೈಯಲಿಲ್ಲ. "ನಾವು ಅವನನ್ನ ನಂಬಿರಲಿಲ್ಲಮ್ಮ, ನಿಮ್ಮನ್ನ ನಂಬಿದ್ವಿ," ಎಂದಷ್ಟೇ ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಕಟ್ಟಡದ ಕೆಲಸ ನಿಂತಿತು. ಬೇರಿಗೆ ಪೆಟ್ಟಾಗಬಾರದೆಂದು ಯಂತ್ರ ಬಿಟ್ಟು, ಆಳುಗಳ ಜೊತೆ ತಾನೂ ಕೂತು ಒಂಬತ್ತು ದಿನ ಕೈಯಲ್ಲೇ ಮಣ್ಣು ತೆಗೆಸಿದಳು. ಒಂದು ಮರದ ಎಳೆಬೇರುಗಳು ಕಪ್ಪಗಾಗಿ ಹುಳಿ ವಾಸನೆ ಹೊಡೆಯುತ್ತಿದ್ದವು. ಅದರ ಬುಡಕ್ಕೆ ಒಂದು ಮೊಟಕು ಪೈಪಿನಿಂದ ಕೊಳೆನೀರು ಬೇರೆ ಬಿಟ್ಟಿದ್ದರು. ಇನ್ನೊಂದರ ಬೇರು ಇನ್ನೂ ಬಿಳಿಯಾಗಿತ್ತು.

ಮೈದುನನನ್ನು ಆ ಕೆಲಸದಿಂದ ತೆಗೆದರು. ಅವಳ ಜೊತೆಯಲ್ಲೇ ಇದ್ದ ಅತ್ತೆ ನಾಲ್ಕು ದಿನ ಮಾತು ಬಿಟ್ಟು, ಐದನೆಯ ದಿನ ಕೇಳಿದರು: "ಮರಕ್ಕೋಸ್ಕರ ಮನೆ ಮಗನ್ನ ಹಿಡಿದುಕೊಟ್ಟೆಯಲ್ಲೇ?"

"ಅವನು ನನ್ನ ಹೆಸರನ್ನೇ ಅಡ ಇಟ್ಟಿದ್ದ ಅತ್ತೆ," ಎಂದಳು. ಅತ್ತೆಗೆ ಅದು ಅರ್ಥವಾಯಿತೋ ಇಲ್ಲವೋ. ಭಾನುವಾರಗಳು ಖಾಲಿಯಾದವು.

ಮುಂದಿನ ಬೇಸಿಗೆಯಲ್ಲಿ ಬೇರು ಕಪ್ಪಗಾಗಿದ್ದ ಮರ ತುದಿಯಿಂದ ಒಣಗತೊಡಗಿ, ಮಳೆಗಾಲಕ್ಕೆ ಮುಂಚೆ ಅದನ್ನು ಕಡಿಸಬೇಕಾಯಿತು. ಕಾಗದಕ್ಕೆ ಸಹಿ ಹಾಕಿದವಳೂ ಅವಳೇ. ಎರಡನೆಯದು ತೆಳ್ಳಗಾದರೂ ಚಿಗುರಿತು.

ಅದೇ ತಿಂಗಳು ಅತ್ತೆಯನ್ನು ತನ್ನ ಮನೆಗೆ ಕರೆದೊಯ್ಯಲು ಮೈದುನ ಬಂದ. ಗೇಟಿನ ಹೊರಗೇ ನಿಂತ. ಒಳಗೆ ಬಾ ಎಂದು ಅವಳೂ ಕರೆಯಲಿಲ್ಲ.

"ಮರ ಹೇಗಿದೆ ಅತ್ತಿಗೆ?"

"ಒಂದಿದೆ," ಎಂದು ಅವಳು ಅತ್ತೆಯ ಚೀಲ ತರಲು ಒಳಗೆ ಹೋದಳು.