ಎರಡು ಮನೆ ಇಳಿದ ಶ್ರುತಿ

ಈ ಚಳಿಗಾಲದಲ್ಲಿ ನನ್ನ ಗಂಟಲು ಯಾಕೋ ಹಗುರಾಗಿತ್ತು. ಐವತ್ತನಾಲ್ಕನೇ ವಯಸ್ಸಿನಲ್ಲಿ ಹಾಗಾಗುವುದಿಲ್ಲ. ಹೋದ ವರ್ಷ ಕುತ್ತಿಗೆಯ ನರ ಬಿಗಿದು ಮುಟ್ಟುತ್ತಿದ್ದ ಮೇಲಿನ ಸ್ವರ ಈಗ ಮಾತಾಡಿದಷ್ಟು ಸಲೀಸಾಗಿ ಬರುತ್ತಿತ್ತು. ಜೇನು, ನಿಂಬೆ, ಬೆಳಗಿನ ಸಾಧನೆ ಎಲ್ಲ ಫಲ ಕೊಟ್ಟಿತೆಂದು ಒಳಗೊಳಗೇ ಬೀಗಿದ್ದೆ.

ನಾವು ಮೂವರು ಬುರ್ಗೋಸ್ ಪಟ್ಟಣದಲ್ಲಿ ಇಪ್ಪತ್ತೆರಡು ವರ್ಷದಿಂದ ಒಟ್ಟಿಗೆ ಹಾಡುತ್ತಿದ್ದೇವೆ. ಏಳುನೂರು ವರ್ಷದ ಹಿಂದೆ ಇಲ್ಲಿನ ಸನ್ಯಾಸಿನಿಯರು ಹಾಡಿದ್ದನ್ನು, ಒಂದೇ ದೊಡ್ಡ ಪುಸ್ತಕದ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಂತು ಹಾಡುತ್ತೇವೆ. ರೆಮೆ ನಮ್ಮ ಮುಖ್ಯಸ್ಥೆ, ನನಗಿಂತ ನಾಲ್ಕು ವರ್ಷ ದೊಡ್ಡವಳು. ಅಸುನ್ ಕೆಳದನಿಯವಳು. ಆ ಕಾಲದ ಬರಹದಲ್ಲಿ ಶ್ರುತಿ ಇಷ್ಟೇ ಎಂದು ಇರುವುದಿಲ್ಲ. ರೆಮೆ ಉಕ್ಕಿನ ಶ್ರುತಿಕವೆಯನ್ನು ಮೊಣಕಾಲಿಗೆ ಬಡಿದು, ಕಿವಿಗೆ ಹಿಡಿದು, ಅದರಿಂದ ಲೆಕ್ಕ ಹಾಕಿ ಗುನುಗಿದ್ದೇ ನಮಗೆ ಶ್ರುತಿ. ಇಷ್ಟು ವರ್ಷ ಯಾರೂ ಅದನ್ನು ಪ್ರಶ್ನಿಸಿರಲಿಲ್ಲ.

ಮೊದಲು ಬಾಯಿಬಿಟ್ಟವಳು ಅಸುನ್, ಅದೂ ತಮಾಷೆಗೆ. "ನನ್ನನ್ನ ಇನ್ನೆಷ್ಟು ಕೆಳಕ್ಕೆ ಇಳಿಸ್ತೀಯೇ ರೆಮೆ? ಇನ್ಮೇಲೆ ಬಾವಿಯೊಳಗೆ ನಿಂತೇ ಹಾಡ್ಬೇಕು."

"ಹಾಡೇ, ಅಲ್ಲಿ ಚೆನ್ನಾಗಿ ಮೊಳಗುತ್ತೆ," ಎಂದಳು ರೆಮೆ. ನಗುವಾಗ ಅವಳ ಕಣ್ಣು ನನ್ನ ಮೇಲೆ ಬಿದ್ದು ತಟ್ಟನೆ ಪುಸ್ತಕಕ್ಕೆ ಹೋಯಿತು.

ಮನೆಗೆ ಬಂದು ಕೋಟು ಬಿಚ್ಚದೆ ಪಿಯಾನೊ ಮುಂದೆ ಕೂತೆ. ಕಿವಿಯಲ್ಲಿ ಹಿಡಿದಿಟ್ಟುಕೊಂಡು ಬಂದ ಶ್ರುತಿಯನ್ನು ಹುಡುಕಿದೆ. ಕೀಲಿಗಳ ಸಾಲಿನಲ್ಲಿ ಹಳೆಯ ಜಾಗಕ್ಕಿಂತ ಎರಡು ಮನೆ ಕೆಳಗೆ ಸಿಕ್ಕಿತು. ಹಾಗಾದರೆ ಜೇನೂ ಅಲ್ಲ, ಸಾಧನೆಯೂ ಅಲ್ಲ. ಹಲ್ಲಿಲ್ಲದವಳಿಗೆ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಟ್ಟಂತೆ, ನನಗೆ ಹೇಳದೆ ನನಗಾಗಿ ಶ್ರುತಿ ಇಳಿಸಿದ್ದರು.

ಆಮೇಲೆ ಎಲ್ಲದರ ಮೇಲೂ ಗುಮಾನಿ. ಇಪ್ಪತ್ತೆಂಟರ ನೆರೆಯಾ ಎಂಬವಳು ಒಂದು ತಿಂಗಳಿಂದ ಅಭ್ಯಾಸಕ್ಕೆ ಬಂದು ಮೂಲೆಯಲ್ಲಿ ಕೂರುತ್ತಿದ್ದಳು. "ಕಲಿಯೋಕೆ ಬರ್ತಾಳೆ, ಬಿಡು," ಎಂದಿದ್ದಳು ರೆಮೆ. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ನೆರೆಯಾ ಗುನುಗುತ್ತಿದ್ದುದು ಕೇಳಿ ನಿಂತೆ. ನನ್ನ ಸಾಲು. ಉಸಿರು ತೆಗೆದುಕೊಳ್ಳುವ ಜಾಗ ಸಮೇತ.

"ಚೆನ್ನಾಗಿ ಕೂತಿದೆಯಲ್ಲ. ಯಾರು ಹೇಳ್ಕೊಟ್ರು?"

ಅವಳ ಮುಖ ಕೆಂಪಾಯಿತು. "ಕಸಿಲ್ದಾ ಅವ್ರೇ, ರೆಮೆಯವರು. ಯಾರಿಗೂ ಹೇಳ್ಬೇಡ ಅಂದಿದ್ರು."

ಯಾರಿಗೂ ಅಂದರೆ ನನಗೆ. ನಾನು ಜಗಳವಾಡಲಿಲ್ಲ. ಭಾನುವಾರದ ಕಛೇರಿಯ ಮೊದಲ ಹಾಡನ್ನು ಎತ್ತಿಕೊಳ್ಳುವುದು ನನ್ನೊಬ್ಬಳ ದನಿ. ನಾನು ಹಿಡಿದದ್ದೇ ಎಲ್ಲರಿಗೂ ಶ್ರುತಿ. ಹಳೆಯ ಎತ್ತರವನ್ನು ಜನರೆದುರು ಮುಟ್ಟಿ ತೋರಿಸಿದರೆ ನನ್ನ ಜಾಗದಿಂದ ನನ್ನನ್ನು ಎಬ್ಬಿಸಲು ಯಾರಿಗೆ ಬಾಯಿ ಬಂದೀತು?

ಭಾನುವಾರ ಮಠದ ಪ್ರಾರ್ಥನಾಮಂದಿರ ತುಂಬಿತ್ತು. ಜನ ಕೋಟುಗಳಲ್ಲೇ ಮುದುಡಿ ಕೂತಿದ್ದರು. ರೆಮೆ ಕವೆ ಬಡಿದು ಗುನುಗಿದಳು. ನಾನು ತಲೆಯಾಡಿಸಿ, ಅದಕ್ಕಿಂತ ಎರಡು ಮನೆ ಮೇಲೆ ಹಿಡಿದೆ. ನನಗೆ ತಾಗಿದ್ದ ಅವಳ ಭುಜ ಬಿಗಿಯಿತು.

ಆ ಹಾಡಿನ ರೀತಿಯೇ ಹಾಗೆ: ಅಸುನ್ ತಳದಲ್ಲಿ ಒಂದೇ ಸ್ವರ ಎಳೆದು ನಿಲ್ಲುತ್ತಾಳೆ. ನಾನು ಮೇಲಿದ್ದರೆ ರೆಮೆ ಕೆಳಗೆ. ಮರುಸಾಲಿನಲ್ಲಿ ಅದಲು ಬದಲು, ನಾನು ಹಾಡಿದ್ದು ಅವಳಿಗೆ, ಅವಳದು ನನಗೆ.

ಮೇಲಿನ ಸ್ವರ ಬಂತು. ತೆಳ್ಳಗಿತ್ತು, ಆದರೆ ಒಡೆಯಲಿಲ್ಲ. ನೋಡಿಕೊಳ್ಳಿ, ಎಂದುಕೊಂಡೆ.

ಸಾಲು ಬದಲಾಯಿತು. ರೆಮೆ ಏರಿದಳು. ಆ ಸ್ವರದ ಹೊಸ್ತಿಲಲ್ಲಿ ಅವಳ ದನಿ ನಿಂತುಹೋಯಿತು. ಬರೀ ಉಸಿರು. ಪುಸ್ತಕದ ಅಂಚು ಹಿಡಿದ ಅವಳ ಬೆರಳುಗಳು ಬೆಳ್ಳಗಾದವು.

ನನ್ನ ಸಾಲು ಎಂದುಕೊಂಡದ್ದು ಅವಳ ಸಾಲೂ ಹೌದು. ಇಪ್ಪತ್ತೆರಡು ವರ್ಷ ಹಾಡಿದ ನನಗೆ ಮೆಟ್ಟಿಲ ಮೇಲೆ ಅದು ಹೊಳೆದಿರಲಿಲ್ಲ.

ಕೆಳಗಿಳಿಯಬೇಕಿದ್ದ ನಾನು ಇಳಿಯದೆ ಅವಳ ಸ್ವರವನ್ನೂ ನಾನೇ ಹಾಡಿದೆ. ರೆಮೆ ಸದ್ದಿಲ್ಲದೆ ನನ್ನ ಕೆಳಸಾಲಿಗೆ ಜಾರಿಕೊಂಡಳು. ಕೊನೆಯವರೆಗೂ ಹಾಗೇ ಹಾಡಿದೆವು.

ಚಪ್ಪಾಳೆಯ ಮರೆಯಲ್ಲಿ ರೆಮೆ ಪಿಸುಗುಟ್ಟಿದಳು. "ನನ್ನನ್ನೇ ಕೇಳ್ಬಹುದಿತ್ತಲ್ಲೇ, ಕತ್ತೆ."

"ನೀನೂ ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಗೋಳಾಡ್ತಿದ್ದೆ. ಈಸ್ಟರ್ ಒಂದು ಕಳೀಲಿ, ಆಮೇಲೆ ನನ್ನ ಜಾಗದಲ್ಲಿ ನೆರೆಯಾ ನಿಲ್ಲಲಿ ಅಂತಿದ್ದೆ."

ಅಸುನ್ ಪುಟ ತಿರುವಿದಳು. "ಜಗಳ ಆಮೇಲೆ. ಬಾವಿಯೋ ಮಾಳಿಗೆಯೋ, ಒಂದು ಕಡೆ ನಿಲ್ಸಿ ನನ್ನ."

ರೆಮೆ ಶ್ರುತಿಕವೆಯನ್ನು ಬಡಿಯದೆ ನನ್ನ ಅಂಗೈಯಲ್ಲಿಟ್ಟಳು. ಅವಳ ಕೈಬಿಸಿ ಅದರಲ್ಲಿ ಇನ್ನೂ ಇತ್ತು. ನಾನು ಬಡಿದು, ಕಿವಿಗೆ ಹಿಡಿದು, ಎರಡು ಮನೆ ಇಳಿಸಿ ಗುನುಗಿದೆ.