ಎರಡು ದಿನದ ಬಾಗಿಲು

ಒಗೆದ ಹೊದಿಕೆಯ ಎರಡು ತುದಿ ದೊಡ್ಡಾಕೆಯ ಕೈಯಲ್ಲಿ, ಇನ್ನೆರಡು ಅವಳ ಓರಗಿತ್ತಿ ಚಿಕ್ಕಾಕೆಯ ಕೈಯಲ್ಲಿ. ಮಡಿಸುತ್ತ ಮಡಿಸುತ್ತ ಇಬ್ಬರೂ ಹತ್ತಿರ ಬರುವಷ್ಟರಲ್ಲಿ ಚಿಕ್ಕಾಕೆಯ ಫೋನು ಕಿರುಚಿತು. ಅವಳು ಕೈ ಬಿಟ್ಟಳು. ಹೊದಿಕೆ ನೆಲ ಒರೆಸಿತು.

"ಹೋಗ್ಲಿ ಬಿಡೇ," ಎಂದರು ಅತ್ತೆ, ಕಿಟಕಿಯ ಬಳಿಯಿಂದ. "ಪಾಪ, ಅವಳದ್ದು ಜವಾಬ್ದಾರಿ ಕೆಲಸ."

"ನಂದೇನು ನೊಣ ಹೊಡೆಯೋ ಕೆಲಸಾನಾ ಅತ್ತೆ?"

ಇಬ್ಬರೂ ಊರಿಗೆ ನೀರು ಬಿಡುವ ಒಂದೇ ಕಚೇರಿಯಲ್ಲಿದ್ದರು. ಅಲ್ಲಿನ ಕಂಪ್ಯೂಟರುಗಳಿಗೆ ಹೊರಗಿನಿಂದ ಯಾರು ಬರಬಹುದು, ಯಾರು ಬರಕೂಡದು ಎಂಬ ನಿಯಮಗಳನ್ನು ಫೈರ್‌ವಾಲ್‌ನಲ್ಲಿ ಬರೆಯುವವಳು ದೊಡ್ಡಾಕೆ. ಹನ್ನೊಂದು ವರ್ಷ ಆ ಗೋಡೆ ಸಾವಿರಾರು ಕಳ್ಳರನ್ನು ಸದ್ದಿಲ್ಲದೆ ಹಿಂದಕ್ಕಟ್ಟಿತ್ತು. ಸದ್ದಿಲ್ಲದ್ದೇ ತಪ್ಪಾಯಿತು. ಬಾರದ ಕಳ್ಳನಿಗಾಗಿ ಶಹಬ್ಬಾಸ್ ಅನ್ನುವವರು ಯಾರು? ಒಳಗೆ ಬಂದವರ ನಡೆಯಲ್ಲಿ ಅನುಮಾನ ಕಂಡರೆ ಗಂಟೆ ಬಾರಿಸುವ ಪಹರೆಯ ವ್ಯವಸ್ಥೆ ಚಿಕ್ಕಾಕೆಯದು. ಬಂದು ಇನ್ನೂ ವರ್ಷ ತುಂಬಿಲ್ಲ. ಗಂಟೆ ಬಾರಿಸಿದಾಗಲೆಲ್ಲ ಮೇಲಧಿಕಾರಿ ಓಡಿಬಂದು ಬೆನ್ನು ತಟ್ಟುತ್ತಿದ್ದರು. ಅರ್ಧಕ್ಕರ್ಧ ಸುಳ್ಳು ಗಂಟೆ, ಅದಕ್ಕೂ ಶಹಬ್ಬಾಸ್! ದೊಡ್ಡಾಕೆಯ ಹೊಟ್ಟೆಯಲ್ಲಿ ಕೆಂಡ.

ಚಿಕ್ಕಾಕೆಯ ಕೆಲಸ ಕಾಯಂ ಆಗಲು ಹಿರಿಯಳಾದ ದೊಡ್ಡಾಕೆಯ ಶಿಫಾರಸು ಪತ್ರ ಬೇಕಿತ್ತು. ಬರೆದು ಮುಗಿಸಿದ ಪತ್ರ ನಾಲ್ಕು ತಿಂಗಳಿಂದ ಅವಳ ಕಂಪ್ಯೂಟರಿನಲ್ಲೇ ಕೊಳೆಯುತ್ತಿತ್ತು. ಈ ತಿಂಗಳು ದಾಟಿದರೆ ಚಿಕ್ಕಾಕೆ ಮನೆಗೆ.

"ಅಕ್ಕಾ, ಪಂಪ್ ರಿಪೇರಿಯವನ ಹೆಸರಲ್ಲಿ ಯಾರೋ ಕಚೇರಿ ಕಂಪ್ಯೂಟರಿನೊಳಗೆ ಬಂದಿದ್ದಾರೆ," ಎಂದಳು ಚಿಕ್ಕಾಕೆ.

"ಅವನೇ ಇರ್ತಾನೆ. ನಿನ್ನ ಗಂಟೆಗೆ ಬೆಕ್ಕು ಸೀನಿದ್ರೂ ಸಾಕು."

ಚಿಕ್ಕಾಕೆ ರಿಪೇರಿಯವನಿಗೇ ಫೋನ್ ಮಾಡಿದಳು. "ಹಲ್ಲು ಕೀಳಿಸ್ಕೊಳ್ತಾ ಕೂತಿದೀನಿ ತಾಯಿ," ಎಂದಿತು ತೊದಲುವ ದನಿ. "ಬಾಯಿ ಮುಚ್ಚೋಕೇ ಆಗ್ತಿಲ್ಲ, ಪಂಪ್ ಎಲ್ಲಿ ಮುಟ್ಲಿ?"

ಎರಡು ಬೀದಿ ಆಚೆಯ ಕಚೇರಿಗೆ ಇಬ್ಬರೂ ಓಡಿದರು. ಕಳ್ಳ ಪಂಪುಗಳ ತಂಟೆಗೆ ಹೋಗುವ ಮೊದಲೇ ಚಿಕ್ಕಾಕೆ ಸಂಪರ್ಕ ಕಡಿದಳು. ದೊಡ್ಡಾಕೆ ತನ್ನ ನಿಯಮಗಳ ಪಟ್ಟಿ ತೆರೆದಳು. ನಲವತ್ತೊಂದನೆಯ ಸಾಲು: 'ಪಂಪ್ ರಿಪೇರಿಗೆ, ಎರಡು ದಿನ ಮಾತ್ರ.' ತಾರೀಖು ಮೂರು ವರ್ಷ ಹಿಂದಿನದು. ಪಕ್ಕದಲ್ಲಿ ಅವಳದೇ ಹೆಸರು. ಮುಚ್ಚಲು ಮರೆತ ಬಾಗಿಲಿನಿಂದಲೇ ಯಾರೋ ರಿಪೇರಿಯವನ ಪಾಸ್‌ವರ್ಡ್ ಕದ್ದು ನುಗ್ಗಿದ್ದರು.

ಆ ಸಾಲನ್ನು ಅವಳು ಅಳಿಸಿದಳು. ಅಷ್ಟರಲ್ಲಿ ಚಿಕ್ಕಾಕೆ ತನ್ನ ವರದಿ ತೋರಿಸಿದಳು: 'ಹಳೆಯ ನಿಯಮವೊಂದು ಉಳಿದುಹೋಗಿತ್ತು.' ಅಷ್ಟೇ.

"ಆ ನಿಯಮ ಬರೆದದ್ದು ಯಾರು ಅಂತ ಹಾಕಿಲ್ವಲ್ಲೇ?"

"ಇಷ್ಟು ವರ್ಷ ಕಾವಲು ಕಾದಿದ್ದು ಯಾರು ಅಂತಾನೂ ಯಾರೂ ಹಾಕ್ಲಿಲ್ವಲ್ಲಕ್ಕಾ."

ದೊಡ್ಡಾಕೆಗೆ ಮೈಯೆಲ್ಲ ಉರಿದುಹೋಯಿತು. ಮೇಲಧಿಕಾರಿಯ ಶಹಬ್ಬಾಸ್ ಇವಳಿಗೆ, ಅತ್ತೆಯ 'ಪಾಪ'ವೂ ಇವಳಿಗೆ. ಈಗ ದೊಡ್ಡತನವನ್ನೂ ಇವಳೇ ಬಾಚಿಕೊಂಡು ಹೋಗಬೇಕೇ? ಅದೊಂದನ್ನು ಮಾತ್ರ ಬಿಟ್ಟುಕೊಡಲಾರೆ!

ಆ ಶಿಫಾರಸು ಪತ್ರ ತೆರೆದು ಕೊನೆಯಲ್ಲಿ ಸೇರಿಸಿದಳು: 'ಇಂದು ಕಳ್ಳ ಬಂದ ಬಾಗಿಲು ನಾನು ಮುಚ್ಚಲು ಮರೆತದ್ದು. ಅವನನ್ನು ತಡೆದವಳು ಇವಳು.'

"ಏನಕ್ಕಾ ಅಷ್ಟು ಜೋರಾಗಿ ಕುಟ್ತಿದೀಯ?"

"ನಿನಗ್ಯಾಕೆ? ಮನೇಲಿ ಹೊದಿಕೆ ನೆಲದ ಮೇಲೇ ಬಿದ್ದಿದೆ, ಹೋಗಿ ಮಡಿಸು."

"ಒಬ್ಬಳೇ ಹ್ಯಾಗೆ ಮಡಿಸ್ಲಿ?"

"ತಡಿ, ಬಂದೆ," ಎಂದು ಗದರಿ ದೊಡ್ಡಾಕೆ ಪತ್ರ ಕಳಿಸಿದಳು.