ಕೊನೆಯ ಓವರಿನವರು

ಕತ್ತು ಮತ್ತೆ ಬಲಕ್ಕೆ ವಾಲಿತು. ರೇವತಿ ಅಪ್ಪನ ಗದ್ದ ಹಿಡಿದು ನೇರ ಮಾಡಿದಳು. ಚಿಕ್ಕಪ್ಪ ಶಿವಮೂರ್ತಪ್ಪ ಹಣೆಗೆ ಸುತ್ತಿದ್ದ ಬಿಳಿ ಬಟ್ಟೆಯನ್ನು ಹಿಂದಿನ ಕಿಟಕಿಯ ಸರಳಿಗೆ ಇನ್ನೊಂದು ಸುತ್ತು ಬಿಗಿದ. ಕೈ ಬಿಟ್ಟರೆ ಮತ್ತೆ ಅದೇ ಕತೆ. ಹಣೆ ತುಂಬ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ, ಕಾಲು ಮಡಚಿ ಕೂರಿಸಿಯಾಗಿದೆ. ಸತ್ತ ಮೇಲಾದರೂ ಈ ಮನುಷ್ಯ ಹೇಳಿದ ಮಾತು ಕೇಳಬಾರದೇ?

"ಬಿಡು ಶಿವಮೂರ್ತಿ, ಅವರು ಕೂರೋದೇ ಹಂಗೆ," ಅಂದಳು ಅವ್ವ ಶಾಂತಕುಮಾರಿ. "ಗ್ರೌಂಡಿನಾಗೂ ಹಂಗೇ ಕೂರ್ತಿದ್ರು."

ಅಳುತ್ತಿದ್ದ ಹೆಂಗಸರು ಅಳುವಿನ ನಡುವೆಯೇ ನಕ್ಕುಬಿಟ್ಟರು. ಅಪ್ಪ ವಾಮದೇವಪ್ಪ ಹೊಟ್ಟೆಪಾಡಿಗೆ ಹರಿಹರದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಕೊಟ್ಟುಕೊಂಡಿದ್ದವನು. ಜೀವ ಮಾತ್ರ ದಾವಣಗೆರೆಯ ಕ್ರಿಕೆಟ್ ಕ್ಲಬ್ಬಿನಲ್ಲಿತ್ತು. ಕ್ಲಬ್ಬಿಗೆ ಎರಡು ತಂಡ. ಎರಡನೇ ತಂಡದಲ್ಲಿ ಬೆವರು ಸುರಿಸುವ ಹುಡುಗರಲ್ಲಿ ಯಾರನ್ನು ದೊಡ್ಡ ತಂಡಕ್ಕೆ ಹತ್ತಿಸಬೇಕು ಅಂತ ನೋಡಿ ಹೇಳುವುದು ಅವನ ಕೆಲಸ. ಅದೂ ಎಲ್ಲರನ್ನಲ್ಲ. ಮೊದಲಿನ ಬೌಲರುಗಳು ಸುಸ್ತಾಗಿ, ಪಂದ್ಯ ಕೈಜಾರುವ ಹೊತ್ತಿಗೆ ಬಂದು ಕೊನೆಯ ಓವರು ಹಾಕುವವರನ್ನು ಮಾತ್ರ. ಇದಕ್ಕೆ ಸಂಬಳವಿಲ್ಲ, ಸನ್ಮಾನವಿಲ್ಲ, ಮನೆಯಲ್ಲಿ ಬೈಗುಳ ಮಾತ್ರ ಧಾರಾಳವಾಗಿತ್ತು.

"ಆ ಟವಲ್ಲೂ ಜೊತೆಗಿಡು ರೇವತಿ," ಅಂತ ಅವ್ವ ಗೂಟದ ಕಡೆ ಕೈ ತೋರಿಸಿದಳು. ನೀಲಿ ಪಟ್ಟಿಯ ಹಳೇ ಟವಲ್. ರೇವತಿ ತೆಗೆದಳು, ಆದರೆ ಇಡಲಿಲ್ಲ. ಮುದುಡಿ ಸೊಂಟಕ್ಕೆ ಸಿಗಿಸಿಕೊಂಡಳು. ಆ ಟವಲ್ಲಿನ ಮೇಲೆ ಅವಳಿಗೆ ಹಳೆಯ ಸಿಟ್ಟಿತ್ತು.

ಬೆಳಗಿನಿಂದ ಅವಳ ಕಣ್ಣು ಬೀದಿಯಾಚೆಯೇ ಇತ್ತು. ಅಲ್ಲಿ, ಬೇವಿನ ಮರದ ಕೆಳಗೆ ಅಪ್ಪನ ಹುಡುಗರು ನಿಂತಿದ್ದರು. ಹುಡುಗರೇನು, ತಲೆ ನರೆತವರು, ಹೊಟ್ಟೆ ಬಂದವರು. ದಾವಣಗೆರೆಯಿಂದ, ಬಾತಿಯಿಂದ, ಆನಗೋಡಿನಿಂದ ಬೈಕು ಹತ್ತಿ ಬಂದಿದ್ದರು. ಒಬ್ಬೊಬ್ಬರೇ ಒಳಗೆ ಬಂದು, ಪಾದ ಮುಟ್ಟಿ, ಮರದಡಿಗೆ ವಾಪಸು ಹೋಗಿ ನಿಲ್ಲುತ್ತಿದ್ದರು. ಅಪ್ಪನನ್ನು ಕೂರಿಸಿ ಹೊರುವ ವಿಮಾನ ಕಟ್ಟುವಾಗ ಒಂದು ಬಿದಿರು ಹಿಡಿಯಲಿಲ್ಲ, ಒಂದು ಗಂಟು ಹಾಕಲಿಲ್ಲ. ಒಬ್ಬನಾದರೂ ಮುಂದೆ ಬಂದು "ನಾನು ಹೆಗಲು ಕೊಡ್ತೀನಿ" ಅಂದರೆ ಸಾಕಾಗಿತ್ತು ಅವಳಿಗೆ. ಮನೆಗೆ ಸೇರಬೇಕಾಗಿದ್ದು ಗ್ರೌಂಡಿಗೆ ಹೋದ ಅಷ್ಟೂ ಭಾನುವಾರಗಳು ಎಲ್ಲೋ ಒಂದು ಕಡೆ ಸೇರಿವೆ ಅಂತ ನಂಬಬಹುದಾಗಿತ್ತು.

*

ಹತ್ತು ವರ್ಷದವಳಿದ್ದಾಗ ಒಮ್ಮೆ ಹಟ ಮಾಡಿ ಅಪ್ಪನ ಜೊತೆ ಗ್ರೌಂಡಿಗೆ ಹೋಗಿದ್ದಳು. ಪಂದ್ಯ ಶುರುವಾದರೂ ಅಪ್ಪ ತಲೆ ಎತ್ತಲಿಲ್ಲ. ಮಂಡಕ್ಕಿಯಲ್ಲಿ ಕಡಲೆಬೀಜ ಆರಿಸಿ ಅವಳ ಅಂಗೈಗೆ ಹಾಕುತ್ತ ಕೂತಿದ್ದ. ಬಿಸಿಲು ಇಳಿದ ಮೇಲೆ ಅಪ್ಪನ ಕತ್ತು ಬಲಕ್ಕೆ ವಾಲಿತು. ಆ ಹೊತ್ತಿಗೆ ಬೌಲ್ ಮಾಡುತ್ತಿದ್ದವನ ಚೆಂಡು ಅವರ ತಲೆ ಮೇಲೇ ಹಾರಿ ಆಚೆ ರಸ್ತೆಗೆ ಬಿತ್ತು. ಎಲ್ಲರೂ ಆ ಕಡೆ ತಿರುಗಿದರು. ಅಪ್ಪ ತಿರುಗಲಿಲ್ಲ.

"ಎಲ್ರೂ ಚೆಂಡು ನೋಡ್ತಾರೆ," ಅಂದ. "ನಾನು ಏಟು ತಿಂದೋನ ಬೆನ್ನು ನೋಡ್ತೀನಿ. ತಿರುಗಿ ನಡಿಯೋವಾಗ ಬೆನ್ನು ಬಗ್ಗಿತೋ, ಬೇರೆಯೋರ ಮೇಲೆ ರೇಗಿದ್ನೋ, ಅವ ನನಗೆ ಬ್ಯಾಡ."

ಆಮೇಲೆ ಎದ್ದು ನಿಂತು ಟವಲ್ಲಿನಿಂದ ಎಡಹೆಗಲಿಗೆ ಎರಡು ಸಲ ಪಟ್ ಪಟ್ ಅಂತ ಬಡಿದುಕೊಂಡ. ದೂರದ ಮೂಲೆಯಲ್ಲಿ ತೋಳು ತಿರುಗಿಸುತ್ತ ನಿಂತಿದ್ದ ಒಬ್ಬ ಉದ್ದನೆ ಹುಡುಗ ಓಡಿ ಬಂದು ಚೆಂಡು ತೆಗೆದುಕೊಂಡ. ಹೆಸರು ಗಿಡ್ಡಪ್ಪ, ಆಳು ನೋಡಿದರೆ ತೆಂಗಿನ ಮರ. ಇಷ್ಟೊತ್ತು ಯಾಕೆ ಸುಮ್ಮನೆ ನಿಂತಿದ್ದ ಅಂತ ರೇವತಿ ಕೇಳಿದ್ದಕ್ಕೆ ಅಪ್ಪ ಹೇಳಿದ್ದು: ಕೊನೆ ಓವರಿನೋರು ಬಾಲು ಕೊಡ್ರಿ ಅಂತ ಕೇಳಂಗಿಲ್ಲ, ಮುಂದೆ ಬಂದು ನಿಲ್ಲಂಗಿಲ್ಲ. ಕೇಳಿದರೆ, ಈಗ ಹಾಕುತ್ತಿರುವವನ ಧೈರ್ಯ ಹೋಗುತ್ತದೆ. ಮೈ ಬಿಸಿ ಇಟ್ಟುಕೊಂಡು ಕಾಯಬೇಕು, ಕರೆದಾಗ ಬರಬೇಕು.

ಗಿಡ್ಡಪ್ಪ ಆ ದಿನ ಗೆಲ್ಲಿಸಿದ. ಹಾಗಂತ ಅಪ್ಪನದೇನು ತಪ್ಪೇ ಮಾಡದ ಕಣ್ಣಲ್ಲ. ಅವನು ಹತ್ತಿಸಿದವರಲ್ಲಿ ಒಬ್ಬನೂ ರಾಜ್ಯದ ತಂಡಕ್ಕೆ ಆಡಲಿಲ್ಲ. ಒಬ್ಬ ಫೈನಲಿನ ಕಡೇ ಚೆಂಡನ್ನು ವೈಡ್ ಹಾಕಿ ಇಡೀ ಕ್ಲಬ್ಬನ್ನೇ ಅಳಿಸಿದ. ಅಪ್ಪ ಬೇಡ ಅಂದ ಒಬ್ಬ ಬೇರೆ ಊರಿನ ಕ್ಲಬ್ಬು ಸೇರಿ ಇವರನ್ನೇ ಸೋಲಿಸಿದ. ಇಷ್ಟಕ್ಕೆ ಮಗಳ ಮದುವೆಯ ದಿನ ಧಾರೆ ಮುಗಿದಿದ್ದೇ, "ಎರಡು ಓವರ್ ನೋಡ್ಕೊಂಡು ಬಂದೆ" ಅಂತ ಟವಲ್ ಹೆಗಲಿಗೆ ಹಾಕಿಕೊಂಡು ಹೋದ ಮನುಷ್ಯ, ಅವಳು ಗಂಡನ ಮನೆಗೆ ಹೊರಡಲು ವ್ಯಾನು ಹತ್ತಿ ಕೂತ ಮೇಲೆ ಬಂದ. ಕಿಟಕಿಯಲ್ಲಿ ಕೈ ತೂರಿಸಿ ತಲೆ ಸವರಿದ. ಅವಳು ಮುಖ ತಿರುಗಿಸಿದ್ದಳು.

*

ಹೊರಡುವ ಮುಂಚೆ ಇನ್ನೊಬ್ಬ ಒಳಗೆ ಬಂದ. ಬಣ್ಣ ಹೋದ ನೀಲಿ ಕ್ಯಾಪು, ಬಿಳಿ ಬೆರೆತ ಗಡ್ಡ. ಬಾಗಿ ಪಾದ ಮುಟ್ಟಿದವನು ಏಳಲೇ ಇಲ್ಲ. ಅವ್ವನೇ ಹೆಸರು ಹಿಡಿದು, ಏಳು ನಯೀಮ್, ಅಂದಳು. ಆ ಹೆಸರು ರೇವತಿಗೆ ಗೊತ್ತಿತ್ತು.

"ನನ್ನ ಮದುವೆ ದಿನ ಅಪ್ಪ ನೋಡಾಕೆ ಬಂದಿದ್ದು ನಿಮ್ಮನ್ನೇ ಅಲ್ಲೇನ್ರಿ?"

"ಹೌದಕ್ಕ. ತಲೆ ತುಂಬ ಅಕ್ಷತೆ ಇತ್ತು. ಏನ್ ಸಾರ್ ಇದು ಅಂತ ಕೇಳಿದ್ದಕ್ಕೆ, ಮಗಳ ಮದುವೆ ಕಣೋ, ಬೇಗ ಮುಗಿಸು ಅಂದ್ರು."

"ಗೆದ್ರಾ?"

ನಯೀಮ್ ನೆಲ ನೋಡಿದ. "ಇಲ್ಲಕ್ಕ. ಎಲ್ಲಾ ಕಡೆ ಹೊಡೆಸಿಕೊಂಡೆ. ಸೋತ್ವಿ. ಆದ್ರೂ ಮುಂದಿನ ವಾರ ದೊಡ್ಡ ಟೀಮಿಗೆ ಹಾಕಿದ್ರು. ಬೆನ್ನು ಬಗ್ಗಿಸಲಿಲ್ಲ ನೀನು, ಅಂದ್ರು. ಇವತ್ತಿಗೂ ಅಂಗಡೀಲಿ ಏನಾದ್ರು ಲುಕ್ಸಾನಾದ್ರೆ ಅದೇ ಮಾತು ನೆನೆಸ್ಕೋತೀನಿ."

ಸೋತ ಪಂದ್ಯ ನೋಡುವುದಕ್ಕೆ ನನ್ನನ್ನು ಬಿಟ್ಟು ಹೋದನಲ್ಲ ಅಂತ ರೇವತಿ ಸೊಂಟದ ಟವಲ್ಲನ್ನು ಇನ್ನಷ್ಟು ಒಳಗೆ ತುರುಕಿದಳು. ನಯೀಮ್ ಏನನ್ನೋ ಕಾಯುವವನ ಹಾಗೆ ಅವಳ ಮುಂದೆ ಸ್ವಲ್ಪ ಹೊತ್ತು ನಿಂತ. ಹೆಗಲು ಕೊಡ್ರಿ ಅನ್ನುವ ಮಾತು ಅವಳ ನಾಲಗೆ ತುದಿಗೆ ಬಂದಿತ್ತು. ಬೇಡಿ ಕರೆಸಿಕೊಳ್ಳುವ ಗತಿ ಅಪ್ಪನಿಗೆ ಬಂದಿಲ್ಲ ಅಂದುಕೊಂಡು ನುಂಗಿದಳು. ಅವನು ಮರದಡಿಗೆ ಹೋದ.

ಮನೆಯವರೇ ವಿಮಾನ ಎತ್ತಿದರು. ಮುಂದೆ ರೇವತಿಯ ಗಂಡ ಪ್ರಶಾಂತ ಮತ್ತು ಚಿಕ್ಕಪ್ಪ, ಹಿಂದೆ ಇಬ್ಬರು ನೆಂಟರು. ಭಜನೆಯವರ ತಾಳ ಮುಂದೆ ಹೊರಟಿತು. ಅಪ್ಪ ಹೂವಿನ ನಡುವೆ ಎತ್ತರದಲ್ಲಿ ಕೂತು ಬೀದಿ ದಾಟಿದ. ಸ್ಟೇಷನ್ ರಸ್ತೆ ಮುಗಿಯುವವರೆಗೆ ಎಲ್ಲ ಸರಿಯಿತ್ತು. ಹೊಳೆ ಕಡೆಯ ಮಣ್ಣುದಾರಿಗೆ ತಿರುಗಿದ ಮೇಲೆ ಬಿಸಿಲು ನೆತ್ತಿಗೆ ಬಂತು, ಚಿಕ್ಕಪ್ಪನ ಉಸಿರು ಅವಳಿಗೇ ಕೇಳಿಸತೊಡಗಿತು. ಅವನಿಗೆ ಮೊದಲೇ ಮಂಡಿನೋವು. ಎತ್ತಿದ ವಿಮಾನವನ್ನು ನಡುದಾರಿಯಲ್ಲಿ ಇಳಿಸುವಂತಿಲ್ಲ. ಬಿಡು ಅಂದರೆ ಬಿಡುವ ಜಾತಿಯವನೂ ಅಲ್ಲ ಅವನು, ಅಣ್ಣನಷ್ಟೇ ಮೊಂಡ. ಒಂದು ತಗ್ಗಿನಲ್ಲಿ ಕಾಲು ತಪ್ಪಿತು. ವಿಮಾನ ಓರೆಯಾಯಿತು. ಹೆಂಗಸರು ಶಿವಶಿವಾ ಅಂದರು. ಪ್ರಶಾಂತ ಹಲ್ಲು ಕಚ್ಚಿ ತಡೆದು ನಿಲ್ಲಿಸಿದ.

ರೇವತಿ ರೋಸಿ ಹಿಂದೆ ತಿರುಗಿದಳು. ಬಾಯಿಗೆ ಬಂದದ್ದು ಬೈದುಬಿಡಬೇಕು ಅಂತಲೇ ತಿರುಗಿದ್ದು.

ಅಪ್ಪನ ಹುಡುಗರು ಸ್ವಲ್ಪ ದೂರ ಬಿಟ್ಟು, ದಾರಿಯ ಅಂಚಿಗೆ ನಡೆದು ಬರುತ್ತಿದ್ದರು. ಚಪ್ಪಲಿ ಬಿಚ್ಚಿದ್ದರು. ಅಂಗಿಯ ತೋಳು ಮೇಲೆ ಮಡಚಿದ್ದರು. ಎಲ್ಲರಿಗಿಂತ ಎತ್ತರದ, ಮೀಸೆ ಬೆಳ್ಳಗಾದ ಒಬ್ಬ ವಿಮಾನದಿಂದ ಕಣ್ಣು ತೆಗೆಯದೆ ಬಲತೋಳನ್ನು ಮೆಲ್ಲಗೆ ತಿರುಗಿಸುತ್ತಿದ್ದ. ಗಿಡ್ಡಪ್ಪ. ಅವನ ಪಕ್ಕದವನು ಹೆಗಲು ಕುಣಿಸಿ ಸಡಿಲ ಮಾಡಿಕೊಳ್ಳುತ್ತಿದ್ದ. ಅಯ್ಯೋ, ಇವರು ಬೆಳಗಿನಿಂದ ಮೈ ಬಿಸಿ ಇಟ್ಟುಕೊಂಡು ಕಾಯುತ್ತಿದ್ದಾರೆ. ಕರೆಯುವವನು ಮೇಲೆ ಕೂತಿದ್ದಾನೆ.

ಸೊಂಟದಿಂದ ಟವಲ್ ಎಳೆದಳು. ಎತ್ತಿ, ಎಡಹೆಗಲಿಗೆ ಎರಡು ಸಲ ಬಡಿದುಕೊಂಡಳು.

ಗಿಡ್ಡಪ್ಪ ಓಡಿ ಬಂದ. ಹಿಂದೆಯೇ ಇನ್ನಿಬ್ಬರು. ಓಡುತ್ತಲೇ ತಲೆಗೆ ಸುತ್ತಿದ್ದ ವಸ್ತ್ರ, ಕ್ಯಾಪು, ಕನ್ನಡಕ ತೆಗೆದು, ಬೌಲರುಗಳು ಅಂಪೈರಿನ ಕೈಗೆ ಕೊಡುವ ಹಾಗೆ ಅವಳ ಕೈಗೆ ಕೊಟ್ಟು ಬಿದಿರಿನ ಕೆಳಗೆ ಹೊಕ್ಕರು. ನೆಂಟರ ಹೆಗಲಿನ ಭಾರ ಇಳಿಯಿತು, ಪ್ರಶಾಂತನದೂ ಇಳಿಯಿತು. ಗಿಡ್ಡಪ್ಪನ ಮೂಲೆ ಎತ್ತರವಾಯಿತು. ಅವನು ಮಂಡಿ ಬಗ್ಗಿಸಿ ಸಮ ಮಾಡಿದ. ಚಿಕ್ಕಪ್ಪನ ಮೂಲೆ ಒಂದು ಉಳಿಯಿತು.

ನಯೀಮ್ ದಾರಿಯ ಅಂಚಿನಲ್ಲೇ ಇದ್ದ. ತೋಳು ಮಡಚಿತ್ತು, ಕಾಲು ಬರಿದಾಗಿತ್ತು. ಅವನು ಅವಳನ್ನೇ ನೋಡುತ್ತಿದ್ದ. ನೆಂಟರಲ್ಲೊಬ್ಬರು ಗಂಟಲು ಸರಿಮಾಡಿಕೊಂಡರು. ರೇವತಿ ಆ ಕಡೆ ನೋಡಲಿಲ್ಲ. ಅವರು ಕೊಟ್ಟದ್ದನ್ನೆಲ್ಲ ತೋಳಿನಲ್ಲಿ ಅವುಚಿಕೊಂಡೇ ಟವಲ್ಲನ್ನು ಮತ್ತೆ ಎತ್ತಿ, ಎಡಹೆಗಲಿಗೆ ಎರಡು ಸಲ ಬಡಿದಳು.

ನಯೀಮ್ ಬಂದ. ನೀಲಿ ಕ್ಯಾಪನ್ನು ಅವಳ ಕೈಗಿಟ್ಟ. ಬಾಗಿ ದಾರಿಯ ಮಣ್ಣಿಗೆ ಅಂಗೈ ಉಜ್ಜಿ, "ಬಿಡ್ರಿ ಯಜಮಾನ್ರೇ, ಇನ್ನು ನಮ್ಮದು," ಅಂದ. ಚಿಕ್ಕಪ್ಪ ಒಂದು ಗಳಿಗೆ ಅವನ ಮುಖ ನೋಡಿ, ಬಿದಿರನ್ನು ತಾನೇ ಎತ್ತಿ ಅವನ ಹೆಗಲಿಗಿಟ್ಟ.

ತಾಳ ಮತ್ತೆ ಶುರುವಾಯಿತು. ವಾಮದೇವಪ್ಪ ತಲೆಯನ್ನು ಬಲಕ್ಕೆ ವಾಲಿಸಿ, ಮುಂದೆ ನಡೆಯುವ ನಯೀಮನ ಬೆನ್ನು ನೋಡುತ್ತ ಹೊಳೆಯ ಕಡೆ ಹೊರಟ.